‘ಬ್ಯಾಡ’ ಕಲಿಸಿದ ಮೇಡಂ

ಮೇಡಂ ಅವರ ಬಲ ಮುಂಗೈ ಮೇಲೆ ಹಲ್ಲಿನ ಗುರುತುಗಳಿದ್ದವು. ಎರಡು ಹಳೆಯವು, ಬಿಳಿಚಿದ್ದವು. ಒಂದು ಇನ್ನೂ ನೀಲಿಗಟ್ಟಿತ್ತು. ನಾನು ಅದನ್ನೇ ನೋಡುತ್ತಿದ್ದೆನೆಂದು ಕಾಣುತ್ತದೆ, ಸೆರಗು ಸರಿಸಿ ತೋರಿಸಿದರು.

“ಇದು ಕೋಗಳಿ ಊರಿನ ಹುಡುಗಂದು, ನಿನ್ನೆ ಆಗಿದ್ದು. ತಪ್ಪು ನಂದ. ಹೊರಗ ಹೋಗ್ತೀನಿ ಅಂತ ಅಂವ ಬಾಗಿಲಾ ತೋರಸ್ತಿದ್ದ, ನಾ ನೋಡಲಿಲ್ಲ.”

ವಿಶೇಷ ಅಗತ್ಯದ ಮಕ್ಕಳಿಗೆ ಮನೆಗೇ ಬಂದು ಕಲಿಸುವ ಶಿಕ್ಷಕಿ ಅವರು. ಹಗರಿಬೊಮ್ಮನಹಳ್ಳಿಯಿಂದ ಸ್ಕೂಟಿಯಲ್ಲಿ ವಾರಕ್ಕೊಮ್ಮೆ ತಂಬ್ರಹಳ್ಳಿಯ ನಮ್ಮ ಮನೆಗೆ ಬರುತ್ತಿದ್ದರು. ಒಂದು ಕಡೆ ನಿಂತವರಲ್ಲ. ಚಹಾ ಅರ್ಧಕ್ಕೇ ಬಿಡುವರು, ಮಾತಿನ ನಡುವೆ ಗಡಿಯಾರ ನೋಡುವರು. ನನ್ನ ಮಗಳ ಎದುರು ಕೂತಾಗ ಮಾತ್ರ ಆ ಅವಸರವೆಲ್ಲ ಎಲ್ಲಿಗೋ ಹೋಗುತ್ತಿತ್ತು.

ಮಗಳಿಗೆ ಆಗ ಒಂಬತ್ತು ವರ್ಷ. ಆಟಿಸಂ, ಮಾತು ಬಂದಿರಲಿಲ್ಲ. ಊರ ಶಾಲೆಯಲ್ಲಿ ಒಂದನೇ ತರಗತಿಗೆ ಅಕ್ಷರ ಕಲಿಸುವ ನಾನು ಮನೆಯಲ್ಲಿ ಅವಳ ಎರಡೂ ಕೈ ಒತ್ತಿ ಹಿಡಿದು ಹಾಲು ಕುಡಿಸುತ್ತಿದ್ದೆ. ಚೀರುತ್ತಿದ್ದಳು, ಕಚ್ಚುತ್ತಿದ್ದಳು. ಹಟ ಎಂದುಕೊಂಡಿದ್ದೆ.

ಮೇಡಂ ಒಂದು ಟ್ಯಾಬ್ ತಂದರು. ಅದರಲ್ಲಿನ ಚಿತ್ರ ಒತ್ತಿದರೆ ಮಾತು ಕೇಳಿಸುತ್ತದೆ. ದನಿ ತಾಯಿಯದೇ ಇರಲಿ ಎಂದು ನನ್ನಿಂದಲೇ ರೆಕಾರ್ಡ್ ಮಾಡಿಸಿದರು: ನೀರು, ರೊಟ್ಟಿ, ಜೋಕಾಲಿ. ನಾಲ್ಕನೆಯದು ‘ಬ್ಯಾಡ’.

“ಅದ್ಯಾಕ್ರಿ ಮೇಡಂ? ಮೊದಲ ಹಟಮಾರಿ ಅದಾಳ.”

“ಬಾಯಿಲೆ ಹೇಳಾಕ ಬಂದಿದ್ರ ಕಚ್ಚತಿದ್ಲೇನ್ರಿ?”

ಎರಡು ತಿಂಗಳು ಏನೂ ಆಗಲಿಲ್ಲ. ಮಗಳು ಜೋಕಾಲಿಯ ಚಿತ್ರವನ್ನೇ ಒತ್ತಿ ಒತ್ತಿ, ಕೊನೆಗೆ ಟ್ಯಾಬನ್ನು ಎಸೆದಳು. “ಬ್ಯಾರೆ ಮಕ್ಕಳಿಗೆ ಕೊಡ್ರಿ ಇದನ್ನ” ಎಂದೆ. ಮೇಡಂ ಒಡೆದ ಮೂಲೆಗೆ ಟೇಪು ಸುತ್ತಿ ಅಲ್ಲೇ ಇಟ್ಟು ಹೋದರು.

ಒಂದು ಬೆಳಿಗ್ಗೆ ಅವರು ಬಂದಾಗ ನಾನು ಹಾಲಿನ ಲೋಟ ಹಿಡಿದಿದ್ದೆ. ಮಗಳು ಬೆರಳು ಚಾಚಿ ಒತ್ತಿದಳು. “ಬ್ಯಾಡ” ಎಂದಿತು ನನ್ನದೇ ದನಿ. ಅಕಸ್ಮಾತ್ ತಾಗಿರಬೇಕು ಎಂದುಕೊಂಡು ಲೋಟವನ್ನು ಮತ್ತೆ ತುಟಿಗೆ ಒಯ್ದೆ.

“ಬ್ಯಾಡ.”

ಅವಳು ಕಚ್ಚಲಿಲ್ಲ. ಲೋಟವನ್ನೇ ನೋಡುತ್ತಿದ್ದಳು.

“ಒಂದ ಗುಟುಕು, ನನ್ನವ್ವ” ಎಂದೆ. ಮೇಡಂ ನನ್ನ ಕೈಯಿಂದ ಲೋಟ ತೆಗೆದುಕೊಂಡರು.

“ಎರಡ ಸಲ ಹೇಳ್ಯಾಳ್ರಿ. ಈಗ ಕುಡಿಸಿದ್ರಿ ಅಂದ್ರ ಮತ್ತೆಂದೂ ಇದನ್ನ ಒತ್ತೂದಿಲ್ಲ ಆಕಿ.”

ಮಗಳು ಎದ್ದು ಜೋಕಾಲಿಗೆ ಹೋದಳು. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಬಿಗಿಯಾಗಿ ಹಾಕುತ್ತಿದ್ದ ಜಡೆ, ಮದುವೆಗಳಲ್ಲಿ ತೊಡಿಸುತ್ತಿದ್ದ ಚುಚ್ಚುವ ಜರಿ ಲಂಗ, ಒತ್ತಾಯದಿಂದ ಕೂರಿಸಿದ ನೆಂಟರ ತೊಡೆ. ಇವುಗಳಲ್ಲಿ ಎಷ್ಟು ಅವಳಿಗೆ ಬೇಡವಾಗಿದ್ದವೋ.

ಕಳೆದ ವರ್ಷ ಮೇಡಂಗೆ ಹರಪನಹಳ್ಳಿಗೆ ವರ್ಗವಾಯಿತು. ಒಂದು ಸಂಜೆ ತಡೆಯಲಾರದೆ ಫೋನ್ ಮಾಡಿ ಇದನ್ನೆಲ್ಲ ಹೇಳಿಕೊಂಡೆ. ಅವರು ದಾರಿಯಲ್ಲಿದ್ದರು, ಗಾಳಿಯ ಸದ್ದು ಕೇಳುತ್ತಿತ್ತು. ಸ್ಕೂಟಿ ನಿಲ್ಲಿಸಿ ಪೂರ್ತಿ ಕೇಳಿದರು. ಸಮಾಧಾನ ಮಾಡಲಿಲ್ಲ.

“ಆಕೀಗೆ ಯಾವ ಮಾತು ಇನ್ನೂ ಕೊಟ್ಟಿಲ್ಲ ಅನ್ನೂದು ನೋಡ್ರಿ. ಅದನ್ನ ಹಾಕ್ರಿ ಇವತ್ತ.”

ಫೋನ್ ಇಟ್ಟು ಯೋಚಿಸಿದೆ. ಆಮೇಲೆ ಕೆಂಪು ಮುಖದ ಚಿತ್ರವೊಂದನ್ನು ಸೇರಿಸಿ ಟ್ಯಾಬ್ ಬಾಯಿಯ ಹತ್ತಿರ ಹಿಡಿದೆ. ಮೂರು ಸಲ ತಡವರಿಸಿ ನಾಲ್ಕನೇ ಸಲ ಸರಿಯಾಗಿ ಹೇಳಿದೆ: “ಅವ್ವಾ, ನಿನ್ನ ಮ್ಯಾಲೆ ಸಿಟ್ಟು ಬಂದೈತಿ.”

ಮಗಳು ಪಕ್ಕದಲ್ಲೇ ಕೂತಿದ್ದಳು. ಟ್ಯಾಬನ್ನು ತನ್ನ ಕಡೆ ಎಳೆದುಕೊಂಡು, ಬೇರೆ ಯಾವುದನ್ನೂ ಮುಟ್ಟದೆ, ಅದನ್ನೇ ಒತ್ತಿದಳು.