ಬೇಕಂತಲೇ ಸೋಲುವ ಕೊಟ್ರಪ್ಪನವರು

ಚೆನ್ನೈನ ಪೆರಂಬೂರಿನಲ್ಲಿ ಯಾವ ಮಗು ಬಾಯಿ ತೆರೆದರೂ ಕೊಟ್ರಪ್ಪನವರಿಗೆ ಪ್ರತಿಭೆ ಕಾಣುತ್ತಿತ್ತು. ಆಕಳಿಸಲು ತೆರೆದರೂ ಅಷ್ಟೆ. ಕೊಟ್ಟೂರು ಕಡೆಯಿಂದ ಬಂದು, ರೈಲ್ವೆ ವರ್ಕ್‌ಶಾಪಿನ ಆಫೀಸಿನಲ್ಲಿ ಮೂವತ್ತೈದು ವರ್ಷ ಫೈಲು ತಿರುವಿ ರಿಟೈರಾದ ಮನುಷ್ಯ. ಈಗ ಕನ್ನಡ ಸಂಘದ ಪ್ರತಿಭಾ ಪುರಸ್ಕಾರ ಸಮಿತಿಗೆ ಅಧ್ಯಕ್ಷರು. ವಚನ ಹಾಡಲು ನಿಂತ ಹುಡುಗ ಎರಡನೇ ಸಾಲಿಗೇ ಮರೆತು ಅಳತೊಡಗಿದರೆ, "ಭೇಷ್! ಎಂಥಾ ಭಾವ!" ಎಂದು ಮೊದಲು ಚಪ್ಪಾಳೆ ಹೊಡೆಯುವವರು ಇವರೇ. ಪಕ್ಕದ ಮನೆಯ ನಿಶಾಂತ್ ಬರೆದು ತಂದ ಚಿತ್ರ ನೋಡಿ "ಆನೆಗೆ ಜೀವ ಬಂದೈತಲ್ಲೋ!" ಎಂದು ಬೆನ್ನು ತಟ್ಟಿದ್ದರು. ಅದು ಅವನ ಅಮ್ಮನ ಚಿತ್ರ.

ಮಕ್ಕಳನ್ನು ತಿದ್ದಬಾರದು, ಹುರಿದುಂಬಿಸಬೇಕು ಎಂಬುದು ಅವರ ಸಿದ್ಧಾಂತ. ಆಹಾ, ಎಂಥ ಸುಖದ ಸಿದ್ಧಾಂತ ನೋಡಿ! ತಿದ್ದುವವನಿಗೆ ವಿಷಯ ಗೊತ್ತಿರಬೇಕು, ಹುರಿದುಂಬಿಸುವವನಿಗೆ ಎರಡು ಅಂಗೈ ಇದ್ದರೆ ಸಾಕು. ಅವರ ಹೆಂಡತಿ ಗಿರಿಜಾದೇವಿಯವರು ಮಾತ್ರ ಹೊಗಳಿಕೆಯಲ್ಲಿ ಕಡುಜಿಪುಣೆ. ತಾವೇ ಬಡಿದ ರೊಟ್ಟಿ ಬುರುಬುರು ಉಬ್ಬಿದ ದಿನವೂ "ಪರವಾಗಿಲ್ಲ" ಎಂದು ಹೆಂಚಿನಿಂದ ಇಳಿಸುತ್ತಿದ್ದರು. ಆಕೆಗೆ ಕಲಾಹೃದಯವೇ ಇಲ್ಲ ಎಂದು ಕೊಟ್ರಪ್ಪನವರು ಸಂಘದಲ್ಲಿ ಹೇಳಿಕೊಂಡು ನಗುತ್ತಿದ್ದರು.

ಈ ಪ್ರೋತ್ಸಾಹವೆಲ್ಲ ಕೊಡಗಟ್ಟಲೆ ಸುರಿಯುತ್ತಿದ್ದದ್ದು ಮಗಳ ಮಗಳು ಪ್ರಣಮ್ಯಾಳ ತಲೆಯ ಮೇಲೆ. ಹದಿಮೂರರ ಹುಡುಗಿ. ತಾಯಿ ಸಂಗೀತಾ ಅಂಬತ್ತೂರಿನ ಆಫೀಸಿನಿಂದ ಬರುವ ತನಕ ಅವಳು ಅಜ್ಜಿ ಮನೆಯಲ್ಲೇ ಇರುತ್ತಿದ್ದಳು. ತಾತ ಕನ್ನಡದಲ್ಲಿ ಕೇಳಿದರೆ ಇವಳು ತಮಿಳು ಬೆರೆಸಿ ಉತ್ತರ ಕೊಡುತ್ತಿದ್ದಳು. ಅವಳಿಗೆ ಕೇರಂ ಹುಚ್ಚು. ಓಣಿಗೊಂದು ಕೇರಂ ಕ್ಲಬ್ಬು ಇರುವ ಊರಲ್ಲಿ ಅದೇನು ದೊಡ್ಡ ವಿಷಯವಲ್ಲ. ಸೇರಿಸಿ ಎಂದು ಹುಡುಗಿ ಕೇಳಿದಾಗ ಕೊಟ್ರಪ್ಪನವರು ಒಪ್ಪಲಿಲ್ಲ. "ಕ್ಲಬ್ಬು ಯಾಕ? ಅಲ್ಲಿ ಬೈದು ಬೈದು ಮಕ್ಕಳ ಉತ್ಸಾಹ ಕೊಲ್ತಾರ. ನಾನಿಲ್ಲೇನು?" ಎಂದು ತಾವೇ ಎದುರು ಕೂತರು. ಮೂರು ವರ್ಷ ದಿನಾ ಸಂಜೆ ಆಡಿದರು, ದಿನಾ ಸೋತರು. "ಅಯ್ಯಯ್ಯೋ, ಮತ್ತ ಸೋತೆನಲ್ಲೇ!" ಎಂದು ಹಣೆ ಚಚ್ಚಿಕೊಂಡು, ಅಡುಗೆಮನೆಯ ಕಡೆ ತಿರುಗಿ ಹೆಂಡತಿಗೆ ಕಣ್ಣು ಮಿಟುಕಿಸುತ್ತಿದ್ದರು. ಆಕೆ ತಿರುಗಿ ಮಿಟುಕಿಸುತ್ತಿರಲಿಲ್ಲ.

ಕಳೆದ ಭಾನುವಾರ ತಿರುವೊಟ್ಟಿಯೂರಿನಲ್ಲಿ ಹುಡುಗಿಯರ ಪಂದ್ಯಾವಳಿ ಇತ್ತು. ಕೊಟ್ರಪ್ಪನವರು ಸಂಘದವರಿಗೆಲ್ಲ ಮುಂಚೆಯೇ ಫೋನು ಮಾಡಿ, ಸನ್ಮಾನಕ್ಕೆ ಶಾಲನ್ನೂ ಇಸ್ತ್ರಿ ಮಾಡಿಸಿಟ್ಟು, ಹೆಂಡತಿ ಮೊಮ್ಮಗಳನ್ನು ಕರೆದುಕೊಂಡು ಹೋದರು. ಮೊದಲನೇ ಸುತ್ತಿನಲ್ಲಿ ಎದುರಾದದ್ದು ಅಲ್ಲಿನ ಕ್ಲಬ್ಬಿನ, ಎರಡು ಜಡೆಯ ಒಬ್ಬ ಹುಡುಗಿ. ನಕ್ಕರೆ ದಂಡ ಬೀಳುತ್ತದೆ ಎಂಬಂಥ ಮುಖ. ಇಪ್ಪತ್ತೈದು–ಸೊನ್ನೆ! ಕೊಟ್ರಪ್ಪನವರು ಕರ್ಚೀಫು ತೆಗೆದು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಆಟ ಮುಗಿದುಹೋಯಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಸಂಘದ ಕಾರ್ಯದರ್ಶಿ ಶಿವಶರಣ ಅವರ ಫೋನು ಬಂತು. ಸೋತದ್ದನ್ನು ಸುಮ್ಮನೆ ಸೋತಳು ಎಂದರೆ ಆಗುತ್ತಿತ್ತು. ಆದರೆ ಅಧ್ಯಕ್ಷರ ಮಾನದ ಪ್ರಶ್ನೆ! "ಏನು ಮಾಡೋದು ಶಿವಶರಣ, ತಪ್ಪು ನಂದೇ. ಮೂರು ವರ್ಷದಿಂದ ನಾನೇ ಬೇಕಂತ ಸೋಲ್ತಾ ಬಂದೆ. ಹುಡುಗಿಗೆ ಉತ್ತೇಜನ ಸಿಗಲಿ ಅಂತ," ಎಂದು ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ಮುಂದಿನ ಸೀಟಿನಲ್ಲಿದ್ದ ಪ್ರಣಮ್ಯಾ ತಿರುಗಿ ನೋಡಿದಳು.

ಮನೆಗೆ ಬಂದವಳೇ ಬೋರ್ಡು ಹಾಕಿದಳು. "ತಾತಾ, ಒಂದೇ ಒಂದು ಗೇಮ್ ನಿಜಮಾ ಆಡಿ. ನನಗೆ ಆಡೋಕೆ ಬರುತ್ತಾ ಇಲ್ವಾ ಗೊತ್ತಾಗಬೇಕು. ಬರಲ್ಲ ಅಂದ್ರೆ ಬೋರ್ಡನ್ನ ಇವತ್ತೇ ಕೆಳಗಿನ ಮನೆಯವರಿಗೆ ಕೊಟ್ಟುಬಿಡ್ತೀನಿ."

ಪಾಪ, ಮಗು ನೊಂದಿದೆ, ತೀರಾ ಸೋಲಿಸುವುದು ಬೇಡ, ಐದಾರು ಪಾಯಿಂಟಿನಲ್ಲಿ ಗೆದ್ದರೆ ಸಾಕು ಎಂದು ಲೆಕ್ಕ ಹಾಕಿ ಕೊಟ್ರಪ್ಪನವರು ಅಂಗಿಯ ತೋಳು ಮಡಚಿದರು. ಗುರಿಯಿಟ್ಟು ಹೊಡೆದರು. ಸ್ಟ್ರೈಕರ್ ನೆಟ್ಟಗೆ ಪಾಕೆಟ್ಟಿಗೆ ಹೋಯಿತು, ಕಾಯಿನ್ ಇದ್ದಲ್ಲೇ ಇತ್ತು. ಪೌಡರ್ ಸರಿಯಿಲ್ಲ ಎಂದರು. ಪೌಡರ್ ಹಾಕಿದ ಮೇಲೆ ಕನ್ನಡಕ ಸರಿಯಿಲ್ಲ ಎಂದರು. ಹುಡುಗಿ ಒಂದೊಂದಾಗಿ ಬಿಳಿ ಕಾಯಿನ್ ಇಳಿಸುತ್ತ ಹೋದಳು. ಬನಿಯನ್ನು ಬೆನ್ನಿಗೆ ಅಂಟಿದಾಗ ಅವರಿಗೆ ಹೊಳೆಯಿತು: ಇಷ್ಟು ವರ್ಷ ಸೋಲಲು ಅವರು ಪಟ್ಟ ಕಷ್ಟ ಎಳ್ಳಷ್ಟೂ ಬೇಕಿರಲಿಲ್ಲ. ಕೊನೆಗೆ ಇಪ್ಪತ್ತೈದು–ನಾಲ್ಕು.

ಪ್ರಣಮ್ಯಾಳ ಕಣ್ಣು ತುಂಬಿತು. "ಮತ್ತೆ ಬಿಟ್ಟುಕೊಟ್ಟಿರಾ ತಾತಾ?" ಎಂದು ಕೇಳಿದಳು.

ಹೌದು ಎಂದು ನಕ್ಕುಬಿಟ್ಟಿದ್ದರೆ ತಾತನ ಮಾನ ಉಳಿಯುತ್ತಿತ್ತು, ಬೋರ್ಡು ಮನೆ ಬಿಟ್ಟು ಹೋಗುತ್ತಿತ್ತು. ಆ ಮನುಷ್ಯನನ್ನು ಎಷ್ಟಾದರೂ ಆಡಿಕೊಳ್ಳಿ, ಆದರೆ ಈ ಒಂದು ಗಳಿಗೆಯ ಪುಣ್ಯ ಅವರಿಗೆ ಸಲ್ಲಬೇಕು. ಕನ್ನಡಕ ತೆಗೆದಿಟ್ಟು, "ಇಲ್ಲ ಪುಟ್ಟಿ. ಜೀವ ಬಿಟ್ಟು ಆಡೀನಿ. ನನಗ ಆಟ ಬರಂಗಿಲ್ಲ. ನೀನು ಖರೇನ ಚಲೋ ಆಡ್ತೀ," ಎಂದರು. ಹುಟ್ಟಿದಾರಭ್ಯ ಅವರು ಯಾರಿಗೂ ಇಷ್ಟು ಕಷ್ಟಪಟ್ಟು ಚಲೋ ಎಂದಿರಲಿಲ್ಲ.

"ಸುಮ್ಮಾ ಹೇಳಬೇಡಿ ತಾತಾ," ಎಂದಳು ಹುಡುಗಿ. "ನೀವು ಯಾರಿಗೆ ಚಲೋ ಅಂದಿಲ್ಲ?" ಬೋರ್ಡನ್ನು ಎತ್ತಿಕೊಂಡು ಬಾಗಿಲಿಗೆ ನಡೆದಳು.

"ಏಯ್, ನಿಲ್ಲು," ಎಂದರು ಅಡುಗೆಮನೆಯಿಂದ ಗಿರಿಜಾದೇವಿ. "ಅವರು ಬಿಟ್ಟುಕೊಡಾದೇನು? ಬಿಟ್ಟುಕೊಡಾಕ ಕೈಯಾಗ ಏನಾರ ಇರಬೇಕಲ್ಲ! ಮೂರು ವರ್ಷ ಕಾಯಿಪಲ್ಯ ಹೆಚ್ಚಿಕೋತ ನೋಡೀನಿ, ಒಂದು ದಿನಾನೂ ಬಿಟ್ಟುಕೊಟ್ಟಿಲ್ಲ. ನೀನೂ ಭಾರಿ ಆಟಗಾರ್ತಿ ಏನಲ್ಲ. ಹೊಡೆಯೋವಾಗ ಮೊಣಕೈ ಎತ್ತುತೀ, ಸ್ಟ್ರೈಕರ್ ಎಡಕ್ಕ ಓಡ್ತೈತಿ. ಆ ಎರಡು ಜಡೆ ಹುಡುಗಿ ಒಂದು ಸಲಾನೂ ಎತ್ತಲಿಲ್ಲ."

ಪ್ರಣಮ್ಯಾ ನಿಂತಳು. ಅಜ್ಜಿಯ ಮುಖ ನೋಡಿದಳು. ಬೋರ್ಡು ಮತ್ತೆ ಕೆಳಗೆ ಬಂತು. "ಎಲ್ಲಿ ಎತ್ತುತೀನಿ ಅಜ್ಜಿ? ತೋರಿಸಿ."

ಗಿರಿಜಾದೇವಿಯವರು ಕೈ ಒರೆಸಿಕೊಂಡು ಬಂದು, ಮೊಣಕೈಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದರು. "ಹೊಡಿ." ತಪ್ಪಿತು. "ಇನ್ನೊಂದು ಸಲ." ತಪ್ಪಿತು. ಎಂಟನೆಯದೋ ಒಂಬತ್ತನೆಯದೋ ಹೊಡೆತಕ್ಕೆ ಕಾಯಿನ್ ಬಿತ್ತು. ಅಜ್ಜಿ ಮೊಣಕೈ ಬಿಡಲಿಲ್ಲ. ಹುಡುಗಿ ಆ ಕಾಯಿನ್ ತೆಗೆದು ಅದೇ ಜಾಗದಲ್ಲಿಟ್ಟು ಬಗ್ಗಿದಳು.

"ತಾತಾ, ಸ್ವಲ್ಪ ಆ ಕಡೆ ಕೂತ್ಕೊಳ್ಳಿ," ಎಂದಳು ತಲೆಯೆತ್ತದೆ. "ಬೆಳಕಿಗೆ ಅಡ್ಡ ಆಗ್ತಿದೀರಿ."

ಕೊಟ್ರಪ್ಪನವರು ಎದ್ದು ಆ ಕಡೆ ಹೋಗಿ ಕೂತರು.