ಹರಿಪುರದಲ್ಲಿ ಮುಟ್ಟದ ಚಹಾ

ಗೌರವ್ವನವರೇ, ನೀವು ಕಪ್ಪಗಿದ್ದೀರೆಂದು ನಮ್ಮ ಮನೆಯವರು ನಿಮ್ಮನ್ನು ಬೇಡವೆನ್ನಲಿಲ್ಲ. ಆ ಮಾತು ನಾನು ಕಟ್ಟಿದ್ದು. ನನ್ನ ಸುಳ್ಳೊಂದನ್ನು ಮುಚ್ಚಿಕೊಳ್ಳಲು ನಿಮ್ಮ ಮೈಬಣ್ಣವನ್ನು ಬಳಸಿಕೊಂಡೆ — ಮೂವತ್ತು ವರ್ಷ ಬಾಯಿ ಬಿಡದೆ ಇದ್ದು ಈಗ ಬರೆಯುತ್ತಿದ್ದೇನೆ.

ಆಗ ಸಾಂಗ್ಲಿಯದು ಒಂದು ಸಂಸ್ಥಾನ, ಮಿರಜಿನದು ಇನ್ನೊಂದು. ನಮ್ಮ ಮನೆ ಮಿರಜಿನಲ್ಲಿ. ನನಗೆ ಇಪ್ಪತ್ತೊಂದು. ದಿನಾ ಬೆಳಿಗ್ಗೆ ರೈಲು ಹತ್ತಿ ಸಾಂಗ್ಲಿಗೆ ಹೋಗುತ್ತಿದ್ದೆ — ಅಮೆರಿಕದಿಂದ ಬಂದ ಮಾರ್ಮನ್ ಪಂಥದ ಒಬ್ಬ ಪ್ರಚಾರಕನಿಗೆ ಕನ್ನಡ ಕಲಿಸಲು ಎಂದು ಮನೆಯವರ ತಿಳುವಳಿಕೆ. ಅವನಿಗೂ ನನ್ನದೇ ವಯಸ್ಸು. ಮೀಸೆ ಕೂಡ ನೆಟ್ಟಗೆ ಬಂದಿರಲಿಲ್ಲ, ಆದರೆ ಅವರ ಪಂಥದಲ್ಲಿ ಅಂಥವನಿಗೂ ‘ಎಲ್ಡರ್’, ಅಂದರೆ ಹಿರಿಯ, ಎಂಬ ಬಿರುದು. ಕಲಿಸಲು ಹೋದ ನಾನೇ ಅವನಿಂದ ಕಲಿತುಬಿಟ್ಟೆ. ಒಂದು ಮುಂಜಾನೆ ಕೃಷ್ಣೆಯಲ್ಲಿ ಮುಳುಗಿಸಿ ನನ್ನನ್ನು ತಮ್ಮ ಪಂಥಕ್ಕೆ ಸೇರಿಸಿಕೊಂಡ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೊರಳಲ್ಲಿ ಲಿಂಗ ಹಾಗೆಯೇ ಇತ್ತು.

ಅವರಲ್ಲಿ ಪ್ರಚಾರಕರು ಜೋಡಿಯಾಗಿಯೇ ತಿರುಗಬೇಕು. ಎಲ್ಡರನ ಜೊತೆಗಾರ ಜ್ವರ ಹಿಡಿದು ಪುಣೆಗೆ ಹೋದಮೇಲೆ ಆ ಜಾಗಕ್ಕೆ ನಾನು ಬಂದೆ. ಸಾಂಗ್ಲಿಯ ಅರಿಶಿನ ಪೇಟೆಯ ಓಣಿಗಳಲ್ಲಿ ಮನೆ ಮನೆ ಹತ್ತಿ ಇಳಿಯುತ್ತಿದ್ದೆವು. ಜನ ಕೂರಿಸುತ್ತಿದ್ದರು, ಕೇಳುತ್ತಿದ್ದರು, ಚಹಾ ತರಿಸುತ್ತಿದ್ದರು. ಅಲ್ಲೇ ತೊಡಕು — ಆ ಪಂಥದವರು ಚಹಾ ಮುಟ್ಟುವಂತಿಲ್ಲ. “ಸೆರೆ ಕುಡಿಯೂದು ಬಿಡ್ರಿ ಅಂದ್ರ ತಿಳೀತೈತ್ರಿ ಸಾಹೇಬ್ರ, ಚಹಾ ಏನ ಪಾಪ ಮಾಡೇತ್ರಿ?” ಎಂದು ಒಬ್ಬ ಹಮಾಲ ಕೇಳಿದಾಗ ಎಲ್ಡರ್ ನಕ್ಕುಬಿಟ್ಟ. ನಾನು ನಗಲಿಲ್ಲ, ಅರ್ಧ ತಾಸು ಉಪದೇಶ ಮಾಡಿದೆ. ಆ ದಿನವೂ ಮಿರಜ ಸ್ಟೇಶನ್ನಿನಲ್ಲಿ ಒಂದು ಕಪ್ ಚಹಾ ಕುಡಿದು, ಬಾಯಿ ಮುಕ್ಕಳಿಸಿಯೇ ರೈಲು ಹತ್ತಿದ್ದೆ. ದಿನಾ ಅದೇ ನನ್ನ ರೂಢಿ.

ಅಣ್ಣನಿಗೆ ಹರಿಪುರದಿಂದ ನಿಮ್ಮ ಸಂಬಂಧ ಬಂದದ್ದು ಆಗಲೇ. ನಮ್ಮ ತಂದೆ ಇರಲಿಲ್ಲ. “ನೀ ಓದಿದಾಂವ, ಕಾಕಾನ ಕೂಡ ಹೋಗಿ ನೋಡಿ ಬಾ. ನಿನ್ನ ಮನಸ್ಸಿಗೆ ಬಂದ್ರ ನನ್ನ ಮನಸ್ಸಿಗೆ ಬಂದಂಗ,” ಎಂದ ಅಣ್ಣ. ಜೋಡಿ ಬಿಡಬಾರದೆಂದು ಎಲ್ಡರನೂ ಹೊರಟ. ಕಾಕಾನಿಗಂತೂ ಹಿಗ್ಗು — ಜೊತೆಗೆ ಸಾಹೇಬನಿದ್ದರೆ ಬೀಗರ ಮುಂದೆ ತೂಕ ಬರುತ್ತದಂತೆ.

ನಮ್ಮ ಜನರಲ್ಲಿ ಹೆಣ್ಣು ನೋಡಲು ಹೋದವರು ಹುಡುಗಿ ತಂದ ಚಹಾ ಮುಟ್ಟದಿದ್ದರೆ ಹೆಣ್ಣು ಒಪ್ಪಿಗೆಯಿಲ್ಲ ಎಂದೇ ಅರ್ಥ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಹಿಂದೆ ಎರಡು ಸಲ ನಿಮ್ಮ ಮನೆಯಿಂದ ಜನ ಹಾಗೆ ಎದ್ದು ಹೋಗಿದ್ದರೆಂದು ದಾರಿಯಲ್ಲಿ ಕಾಕಾ ಹೇಳಿಯೂ ಇದ್ದ. ನಿಮ್ಮ ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ಓದಲು ಬರುತ್ತದೆಯೇ ಎಂದು ನಾನು ಕೇಳಿದೆ. “ವಚನ ಓದತೇನ್ರಿ, ಮರಾಠೀನೂ ಬರತೈತಿ,” ಎಂದು ತಲೆ ಎತ್ತಿ ಹೇಳಿದಿರಿ. ಅಣ್ಣನಿಗೆ ತಕ್ಕವರು ಎಂದು ನಾನು ಅಲ್ಲೇ ನಿಶ್ಚಯಿಸಿಕೊಂಡೆ.

ಆಮೇಲೆ ಚಹಾ ತಂದಿರಿ. ಎಲ್ಡರ್ ಎದೆಗೆ ಕೈ ಒತ್ತಿ “ಬ್ಯಾಡ್ರಿ” ಎಂದ. ಸಾಹೇಬನಲ್ಲವೇ, ಎಲ್ಲರೂ ನಕ್ಕರು. ತಟ್ಟೆ ನನ್ನ ಮುಂದೆ ಬಂತು. ಎಲ್ಡರ್ ನನ್ನನ್ನೇ ನೋಡುತ್ತಿದ್ದ — ಸಂಶಯದಿಂದಲ್ಲ, ಪೂರ್ತಿ ನಂಬಿಕೆಯಿಂದ. ಕುಡಿದರೆ ಅವನ ಮುಂದೆ ಮಾನ ಹೋಗುತ್ತದೆ. ನನ್ನ ಪಂಥದಲ್ಲಿ ಚಹಾ ಕುಡಿಯುವಂತಿಲ್ಲ ಎಂದರೆ ಕಾಕಾನಿಗೆ ಎಲ್ಲ ತಿಳಿಯುತ್ತದೆ. ಪಿತ್ತವಾಗಿದೆ ಎಂದು ಸುಳ್ಳು ಹೇಳಿದರೆ — ಅಷ್ಟು ಕನ್ನಡ ನಾನೇ ಎಲ್ಡರನಿಗೆ ಕಲಿಸಿದ್ದೆ.

“ಬ್ಯಾಡ,” ಎಂದೆ. ಅಷ್ಟೇ.

ಕಪ್ಪಿಗೆ ಚಾಚಿದ್ದ ಕೈಯನ್ನು ಕಾಕಾ ಹಿಂದಕ್ಕೆ ತೆಗೆದುಕೊಂಡ. ನಾನು ಏನೋ ಐಬು ಕಂಡಿದ್ದೇನೆ ಎಂದುಕೊಂಡ ಪಾಪ.

“ತಗೋರಿ, ಹುಡುಗಿ ಕೈಯಾರೆ ಮಾಡ್ಯಾಳ,” ಎಂದರು ನಿಮ್ಮ ತಂದೆ. ಇನ್ನೊಮ್ಮೆ ಅಂದರು. ನಾನು ಜಮಖಾನದ ಪಟ್ಟಿಗಳನ್ನು ನೋಡುತ್ತ ಕೂತೆ. ಯಾರೂ ಹೇಳುವ ಮೊದಲೇ ನೀವು ತಟ್ಟೆ ಎತ್ತಿಕೊಂಡು ಒಳಗೆ ಹೋದಿರಿ. “ಆತು ಬಿಡ್ರಿ. ತಿಳೀತು,” ಎಂದು ನಿಮ್ಮ ತಂದೆ ಎದ್ದರು.

ಸಾಂಗ್ಲಿಯಲ್ಲಿ ಟಾಂಗಾದಿಂದ ಇಳಿಯುವಾಗ ಎಲ್ಡರ್ ನನ್ನ ಕೈ ಒತ್ತಿ ಹಿಡಿದ. “ಇವತ್ತ ನೀವು ಗಟ್ಟಿ ನಿಂತ್ರಿ. ನಮ್ಮ ಅವ್ವಗ ಪತ್ರ ಬರೀತೇನಿ.” ಅಲ್ಲಿ ಏನಾಯಿತೆಂದು ಆ ಪುಣ್ಯಾತ್ಮನಿಗೆ ಗೊತ್ತೇ ಆಗಿರಲಿಲ್ಲ. ನಾನು ಆ ಹೊಗಳಿಕೆಯನ್ನು — ಹೌದು, ತೆಗೆದುಕೊಂಡೆ.

ಅವನು ಇಳಿದಮೇಲೆ ಕಾಕಾ ಕೇಳಿದ: “ಏನ ಕಂಡಿಯೋ ಆಕಿಯೊಳಗ?”

ಆಗಲೂ ಟಾಂಗಾ ತಿರುಗಿಸಬಹುದಿತ್ತು. ಹರಿಪುರ ಏನು ಮಹಾ ದೂರ? ನನ್ನ ನಾಲಿಗೆಗೆ ಮೊದಲು ಸಿಕ್ಕಿದ್ದನ್ನು ಹೇಳಿದೆ. “ಬಣ್ಣ ಕಪ್ಪ, ಕಾಕಾ.”

ಕಾಕಾ ಅದನ್ನು ಅಣ್ಣನಿಗೆ ಹೇಳಿದ, ಪೇಟೆಯಲ್ಲಿ ಹೇಳಿದ, ಅದು ನಿಮ್ಮ ಊರನ್ನೂ ಮುಟ್ಟಿತು. ಮರುದಿನ ಬೆಳಿಗ್ಗೆ ನಾನು ಸ್ಟೇಶನ್ನಿನಲ್ಲಿ ಎಂದಿನಂತೆ ಚಹಾ ಕುಡಿದೆ. ರುಚಿಯಾಗಿಯೇ ಇತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಎಲ್ಡರ್ ತನ್ನ ಅವಧಿ ಮುಗಿಸಿ ಊರಿಗೆ ಹೋದ. ನಾನು ಅವರ ಪಂಥದಲ್ಲೂ ಉಳಿಯಲಿಲ್ಲ, ಮನೆಯ ಪೂಜೆಗೂ ಮನಸ್ಸಿಟ್ಟು ಮರಳಲಿಲ್ಲ. ಅಣ್ಣನಿಗೆ ಸಲಗರೆಯ ಹೆಣ್ಣು ತಂದೆವು. ನೀವು ಮಾತ್ರ, ಇನ್ನು ಯಾರ ಮುಂದೆಯೂ ಚಹಾ ಹಿಡಿದು ನಿಲ್ಲುವುದಿಲ್ಲವೆಂದು ತಂದೆಗೆ ಹೇಳಿಬಿಟ್ಟಿರಂತೆ. ಹೇಳಿದಂತೆಯೇ ಇದ್ದಿರಿ.

ಹೋದ ತಿಂಗಳು ಮಿರಜಿನ ಮದುವೆಯೊಂದರಲ್ಲಿ ನೀವೇ ನನ್ನ ಗುರುತು ಹಿಡಿದಿರಿ. ಸಿಟ್ಟಿಲ್ಲದೆ ಕೇಳಿದಿರಿ: “ಕಪ್ಪ ಅದಾಳ ಅಂದಿದ್ರಂತಲ್ರಿ. ಖರೇನ ಅಷ್ಟ ಕಪ್ಪ ಕಂಡಿದ್ನೇನ್ರಿ?” ನಾನು ಏನೆಂದೆ? “ಹಳೀ ಮಾತು, ನೆನಪಿಲ್ರಿ.” ಮೂವತ್ತು ವರ್ಷದ ಮೇಲೆ, ಮುಖಾಮುಖಿ ನಿಂತು, ಇನ್ನೊಂದು ಸುಳ್ಳು. ಆ ಹೊತ್ತಿನಲ್ಲಿ ಎಲ್ಡರನೂ ಇರಲಿಲ್ಲ, ಕಾಕಾನೂ ಇರಲಿಲ್ಲ. ಯಾರ ಅಂಜಿಕೆ ಇತ್ತು ನನಗೆ —

ನಿನ್ನೆ ಇದೆಲ್ಲ ಅಣ್ಣನಿಗೆ ಹೇಳಿದೆ. “ನನಗ್ಯಾಕ ಹೇಳತಿ? ಆಕಿಗೆ ಹೇಳ,” ಎಂದು ಎದ್ದು ಹೋದ.

ಇದನ್ನು ಅಂಚೆಗೆ ಹಾಕುವುದಿಲ್ಲ. ಸೋಮವಾರ ನಾನೇ ಹರಿಪುರಕ್ಕೆ ತರುತ್ತೇನೆ. ಒಳಗೆ ಕರೆಯದಿದ್ದರೆ ಬಾಗಿಲಲ್ಲೇ ನಿಂತು ಓದುತ್ತೇನೆ — ನಿಮ್ಮ ತಮ್ಮಂದಿರು, ಅವರ ಹೆಂಡಂದಿರು, ಓಣಿಯವರು ಎಲ್ಲ ಕೇಳುವ ಹಾಗೆ. ಕಪ್ಪೆಂಬ ಆ ಮಾತನ್ನೂ ಅವರೆಲ್ಲ ಕೇಳಿದ್ದಾರೆ.