ವಾಮನ ಕಾಕಾ ಮುಗಿಸದ ಪಂದ್ಯ

ಡ್ಯಾನ್‌ವಿಲ್‌ನ ವಾಮನ ಕಾಕಾ ಅವರ ಮನೆಗೆ ಹೊಸಬರನ್ನು ಊಟಕ್ಕೆ ಕರೆದುಕೊಂಡು ಹೋಗುವಾಗ ನಾವು ಕಾರಿನಲ್ಲೇ ಒಂದು ಮಾತು ಹೇಳಿಬಿಡುತ್ತಿದ್ದೆವು. ರಾಜಕೀಯ ಬೇಕಾದರೆ ಮಾತಾಡಿ, ಕಾಕಾ ಬೈದರೆ ನಕ್ಕುಬಿಡಿ, ಆದರೆ ಅವರ ಕಾಲೇಜು ತಂಡ ಒಂದು ಹೊಸ ವರ್ಷದ ದಿನ ಆಡಿದ ಆ ಅಮೆರಿಕನ್ ಫುಟ್‌ಬಾಲ್ ಬೌಲ್ ಪಂದ್ಯದಲ್ಲಿ ಯಾರು ಗೆದ್ದರು ಅಂತ ಮಾತ್ರ ಅಪ್ಪಿತಪ್ಪಿಯೂ ಬಾಯಿಬಿಡಬೇಡಿ. ಯಾಕೆ ಅಂತ ಕೇಳಿದರೆ, ಅವರಿಗೆ ಗೊತ್ತಿಲ್ಲ, ಅನ್ನುತ್ತಿದ್ದೆವು. ಪ್ರತಿ ಡಿಸೆಂಬರಿನಲ್ಲೂ ಟಿವಿಯವರು ತೋರಿಸಿದ್ದನ್ನೇ ತೋರಿಸುವ, ಫುಟ್‌ಬಾಲ್ ನೋಡುವವರಿಗೆಲ್ಲ ಬಾಯಿಪಾಠವಾಗಿರುವ ಪಂದ್ಯದ ಕೊನೆ, ಆ ತಂಡವೆಂದರೆ ಜೀವ ಬಿಡುವ ಮನುಷ್ಯನಿಗೆ ಗೊತ್ತಿರಲಿಲ್ಲ. ಹೊಸಬರು ನಾವು ತಮಾಷೆ ಮಾಡುತ್ತಿದ್ದೇವೆ ಅಂದುಕೊಳ್ಳುತ್ತಿದ್ದರು.

ನಾವು ಪಕ್ಕದ ಮನೆಗೆ ಬಂದ ದಿನ ಕಾಕಾ ಬೇಲಿಯ ಆಚೆಯಿಂದಲೇ ವಿಚಾರಣೆ ಶುರು ಮಾಡಿದ್ದರು. "ಏನ್ ತಂಗಿ, ಮೈಸೂರಾ? ನಿಮ್ಮ ಕಡೆ ಮಂದಿ ಜಗಳಾಡಿದ್ರೂ ಹಾಡ ಹೇಳಿಧಂಗ ಇರ್ತದ ಅಂತಾರ. ಖರೇ ಏನು?" ನಾನೂ ಬಿಡಲಿಲ್ಲ. "ನಿಮ್ಮ ಕಡೆ ಪ್ರೀತಿಯಿಂದ ಮಾತಾಡಿದ್ರೂ ಪೊಲೀಸ್ ಕರೀಬೇಕು ಅನ್ಸುತ್ತಂತೆ," ಅಂದೆ. ಅವರು ಬೇಲಿ ಹಿಡಿದುಕೊಂಡು ನಕ್ಕರು. ಚಿಕ್ಕಪ್ಪ, ಮಾವ ಎಂದು ಕರೆದು ಬೆಳೆದ ನನ್ನ ಬಾಯಿಗೆ ಕಾಕಾ, ಕಾಕು ಅನ್ನುವ ಧಾರವಾಡದ ಮಾತುಗಳು ಬಂದದ್ದು ಆವತ್ತಿನಿಂದ.

ಓದಲಿಕ್ಕೆಂದು ಮಿಡ್‌ವೆಸ್ಟಿನ ಒಂದು ಯೂನಿವರ್ಸಿಟಿಗೆ ಬಂದವರು ಕಾಕಾ. ಅಲ್ಲಿಯ ಹಿಮದಲ್ಲಿ ಒಬ್ಬರೇ ರೂಮಿನಲ್ಲಿ ಕೂತು ಅಳುವ ಬದಲು ಸ್ಟೇಡಿಯಮ್ಮಿಗೆ ಹೋಗಿ ಎಲ್ಲರ ಜೊತೆ ಕಿರುಚುವುದನ್ನು ಕಲಿತರಂತೆ. ಆಮೇಲೆ ಬೇ ಏರಿಯಾಕ್ಕೆ ಬಂದು, ಭೂಕಂಪಕ್ಕೆ ಸೇತುವೆಗಳು ಬೀಳದಂತೆ ಬಿಗಿ ಮಾಡುವ ಕೆಲಸದಲ್ಲೇ ರಿಟೈರ್ ಆದರು. ಪಕ್ಕದಲ್ಲೇ ಹೆಸರಾಂತ ಕಾಲೇಜುಗಳ ತಂಡಗಳಿದ್ದರೂ ಅವರ ನಿಷ್ಠೆ ಮಾತ್ರ ಅಲ್ಲಾಡಲಿಲ್ಲ. "ಆ ಚಳಿಯೊಳಗ ನನ್ನ ಸಾಕಿದ ಊರದು. ಹೊಟ್ಟಿ ತುಂಬಿದ ಮ್ಯಾಲ ತಾಯಿ ಬದಲಸ್ತಾರೇನು?" ಅನ್ನುತ್ತಿದ್ದರು.

ಆ ಆಟ ನನಗೆ ಇವತ್ತಿಗೂ ಅರ್ಧಂಬರ್ಧ. ಹೆಲ್ಮೆಟ್ಟು ಹಾಕಿಕೊಂಡವರು ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಗಜಗಜಕ್ಕೂ ಗುದ್ದಾಡಿ ಚೆಂಡನ್ನು ಎದುರಿನವರ ಗೆರೆ ದಾಟಿಸಿದರೆ ಟಚ್‌ಡೌನು. ಗಡಿಯಾರ ಮಾತು ಮಾತಿಗೂ ನಿಲ್ಲುತ್ತದೆ. ಪರದೆಯ ಮೇಲಿನ ಎರಡು ನಿಮಿಷ ಮುಗಿಯುವಷ್ಟರಲ್ಲಿ ಅನ್ನ ಸಾರು ಮಾಡಿ ಇಳಿಸಬಹುದು. ಆದರೂ ನಾವು ಹೋಗುತ್ತಿದ್ದೆವು. ನಾನು ಹೋಗುತ್ತಿದ್ದದ್ದು ಕಾಕಾ ಹೆಂಡತಿ ಪ್ರಮೀಳಾ ಕಾಕು ಮಾಡುವ ಮಿರ್ಚಿ ಭಜಿಗೆ, ಆಮೇಲೆ ಕಾಕಾ ಬೈಗುಳಕ್ಕೆ. ಆರೂವರೆ ಅಡಿ ಎತ್ತರದ ಆಟಗಾರರನ್ನು ಅವರು "ಏ ಹುಚ್ಚಪ್ಯಾಲಿ, ಕಣ್ಣ ಎಲ್ಲಿಟ್ಟಿ?" ಎಂದು ಧಾರವಾಡದ ಓಣಿಯ ಹುಡುಗರನ್ನು ಬೈದ ಹಾಗೆ ಬೈಯುತ್ತಿದ್ದರು.

ಅವರ ಮನೆಯಲ್ಲಿ ಒಂದು ಕಾಯಿದೆ ಇತ್ತು. ಆಟ ನಮ್ಮ ಕಡೆ ತಿರುಗಿದಾಗ ಯಾರು ಎಲ್ಲಿ ಹೇಗೆ ಕೂತಿದ್ದಾರೋ ಹಾಗೇ ಇರಬೇಕು. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದೇನೂ ಹೊಸದಲ್ಲ. ನಮ್ಮ ಅಪ್ಪನೂ ವಿಕೆಟ್ ಬೀಳುತ್ತದೆ ಅಂತ ನಮ್ಮನ್ನು ಬಚ್ಚಲಿಗೂ ಬಿಡುತ್ತಿರಲಿಲ್ಲ. "ಇಂಜಿನಿಯರ್ ಆಗಿ ಇದನ್ನೆಲ್ಲ ನಂಬ್ತೀರಲ್ಲ ಕಾಕಾ," ಅಂತ ಛೇಡಿಸಿದರೆ ಅವರು ಗಂಭೀರವಾಗುತ್ತಿದ್ದರು. "ನಂಬಿಕಿ ಅಲ್ಲ ತಂಗಿ, ಇದು ಶಿಸ್ತು. ಭಾರ ಎಲ್ಲಿ ಕೂತದ ಅಲ್ಲೇ ಇರಬೇಕು. ಅಲ್ಲಾಡಿತೋ, ಸೇತುವಿ ಹೋತು." ಎಲ್ಲರೂ ನಗುತ್ತಿದ್ದೆವು, ಆದರೆ ಯಾರೂ ಏಳುತ್ತಿರಲಿಲ್ಲ.

ಆ ಹೊಸ ವರ್ಷದ ಮಧ್ಯಾಹ್ನ ನಾನು, ನನ್ನ ಗಂಡ, ಕಾಲೇಜಿನಿಂದ ರಜೆಗೆ ಬಂದಿದ್ದ ಕಾಕಾ ಮಗ ವಿನಯ್ ಅಲ್ಲಿದ್ದೆವು. ಸೀಸನ್ ಮುಗಿದ ಮೇಲೆ ಒಳ್ಳೆಯ ತಂಡಗಳನ್ನು ಮಾತ್ರ ಕರೆದು ಆಡಿಸುವ ಬೌಲ್ ಪಂದ್ಯ ಅದು. ಕಾಕಾ ತಂಡಕ್ಕೆ ಆ ಮರ್ಯಾದೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ. ಬೆಳಿಗ್ಗೆಯೇ ಸ್ನಾನ ಮಾಡಿ, ದೇವರಿಗೆ ದೀಪ ಹಚ್ಚಿ, ತಂಡದ ಬಣ್ಣದ ಸ್ವೆಟರ್ ಹಾಕಿಕೊಂಡು ಕೂತಿದ್ದರು. ಮುಕ್ಕಾಲು ಆಟ ಮುಗಿಯುವಷ್ಟರಲ್ಲಿ ತಂಡ ಹೆಚ್ಚುಕಡಿಮೆ ಮೂರು ಟಚ್‌ಡೌನಿನಷ್ಟು ಹಿಂದೆ ಬಿದ್ದಿತ್ತು. "ಹೋತು, ಮರ್ಯಾದಿ ಹೋತು," ಎಂದು ಕಾಕಾ ಮುಖದ ಮೇಲೆ ಟವೆಲ್ ಎಳೆದುಕೊಂಡರು.

ಅಷ್ಟರಲ್ಲಿ ಕಾಕು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅಡುಗೆಮನೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತರು. ಅವರು ಕೂತಿದ್ದೇ ತಡ, ಟಚ್‌ಡೌನ್! ಕಾಕಾ ಟವೆಲ್ ಎಸೆದರು. "ಪ್ರಮೀಳಾ! ಏಳಬ್ಯಾಡ! ನೀ ಕೂತಿ, ಬಂತು ನೋಡು!" ಕಾಕು ನಮ್ಮ ಕಡೆ ತಿರುಗಿ, "ಮದುವಿ ಆಗಿ ಇಷ್ಟ ವರ್ಷಕ್ಕ ಈಗ ಕಾಣಸ್ತ ನೋಡ್ರಿ ಇವರಿಗೆ ನನ್ನ ಕಾಲ್ಗುಣ," ಅಂದರು. ಎಲ್ಲರೂ ಹೋ ಎಂದೆವು. ಸ್ವಲ್ಪ ಹೊತ್ತಿಗೆ ಎರಡನೆಯದೂ ಬಂತು. ಇನ್ನೊಂದು ಬಂದರೆ ಗೆದ್ದಂತೆ. ಚೆಂಡು ಮತ್ತೆ ನಮ್ಮವರ ಕೈಗೆ ಸಿಕ್ಕಾಗ ಪರದೆಯ ಮೇಲೆ ಎರಡು ನಿಮಿಷ ಉಳಿದಿತ್ತು. ಕಾಕು ಅರ್ಧ ಎದ್ದು, ಮುಂದಿನ ಸೋಫಾದಲ್ಲಿದ್ದ ಕಾಕಾ ಕಿವಿಯ ಹತ್ತಿರ ಬಗ್ಗಿ ಏನೋ ಹೇಳಿದರು. ಕಾಕಾ ಟಿವಿಯಿಂದ ಕಣ್ಣು ಕೀಳಲಿಲ್ಲ. "ಎರಡ ನಿಮಿಷ ಅದ, ಎರಡ ನಿಮಿಷ. ಕೂಡು," ಅಂದರು. ಕಾಕು ಕೂತರು.

ನಮ್ಮವರು ಒಂದೊಂದೇ ಗಜ ಮುಂದೆ ಹೋದರು. ಗಡಿಯಾರ ನಿಂತಿತು, ನಡೆಯಿತು, ನಿಂತಿತು. ಜಾಹೀರಾತು ಬಂತು. ಮತ್ತೆ ಆಟ. ಚೆಂಡು ಗೆರೆಯ ಹತ್ತಿರ ಬಂದು, ಕೊನೆಯ ಒಂದು ಯತ್ನಕ್ಕಷ್ಟೇ ಸಮಯ ಉಳಿದಾಗ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು. ಹಿಂದೆ ಸ್ಟೂಲು ಉರುಳಿದ ಸದ್ದಾಯಿತು. ತಿರುಗಿ ನೋಡಿದರೆ ಕಾಕು ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದರು. ವಿನಯ್ ಫೋನ್ ಮಾಡಿದ, ನನ್ನ ಗಂಡ ಟಿವಿ ಆರಿಸಿದರು, ಆಂಬುಲೆನ್ಸ್ ಬೇಗನೆ ಬಂತು. ಕತ್ತಲಾಗುವ ಮೊದಲೇ ಕಾಕು ಹೋಗಿಬಿಟ್ಟಿದ್ದರು. ಹೃದಯ, ಅಂದರು.

ವೈಕುಂಠ ಸಮಾರಾಧನೆಗೆ ಬಂದವರೊಬ್ಬರು ದುಃಖ ಹಗುರ ಮಾಡಲಿಕ್ಕೋ ಏನೋ, "ಆವತ್ತಿನ ಆಟ ಕೊನೆಗೆ..." ಎಂದು ಬಾಯಿ ತೆಗೆದರು. ಕಾಕಾ ಊಟದ ಎಲೆಯ ಮುಂದೆ ಕೂತವರು ಕೈ ಅಡ್ಡ ಹಿಡಿದರು. "ಬ್ಯಾಡ್ರಿ. ಮುಂದ ಏನಾತೋ ನನಗ ಗೊತ್ತಿಲ್ಲ. ಗೊತ್ತಾಗೂದೂ ಬ್ಯಾಡ." ಅಷ್ಟೇ. ಅವತ್ತಿನಿಂದ ನಾವೆಲ್ಲ ಕಾವಲುಗಾರರಾದೆವು. ಡಿಸೆಂಬರು ಬಂತೆಂದರೆ ಅವರು ಟಿವಿ ಇರುವ ಹೋಟೆಲಿಗೆ ಬರುತ್ತಿರಲಿಲ್ಲ. ಒಮ್ಮೆ ದಂತವೈದ್ಯರ ಕುರ್ಚಿಯಲ್ಲಿ ಮಲಗಿದ್ದಾಗ ಎದುರಿನ ಟಿವಿಯಲ್ಲಿ ಅದೇ ಸ್ವೆಟರಿನ ಬಣ್ಣ ಕಂಡಿತಂತೆ. ಕೊರಳಿಗೆ ಕಟ್ಟಿದ ನೀಲಿ ಕಾಗದದ ಸಮೇತ ಎದ್ದು ಪಾರ್ಕಿಂಗ್ ಲಾಟಿಗೆ ಬಂದು ನನಗೆ ಫೋನ್ ಮಾಡಿದರು. "ತಂಗಿ, ಬಂದು ಕರ್ಕೊಂಡ ಹೋಗು. ಹಲ್ಲ ಆಮ್ಯಾಲ ನೋಡೋಣಂತ." ನಾನು ನಗುತ್ತ ಹೋದವಳು, ಅವರ ಮುಖ ನೋಡಿ, ಆ ನೀಲಿ ಕಾಗದ ಬಿಚ್ಚಿ ಕಾರು ಹತ್ತಿಸಿದೆ.

ಇನ್ನೊಂದು ಬದಲಾವಣೆಯೂ ಆಗಿತ್ತು. ಯಾರಾದರೂ ಸುಮ್ಮನೆ ಒಂದೇ ಕಡೆ ಕೂತರೆ ಕಾಕಾ ಚಡಪಡಿಸುತ್ತಿದ್ದರು. ಆಕಳಿಸಿದರೆ ಸಾಕು, "ಯಾಕ? ಆರಾಮ ಇದ್ದೀರಿಲ್ಲೊ?" ಎನ್ನುತ್ತಿದ್ದರು. ಸ್ಯಾನ್ ರಮೋನಿನಲ್ಲಿ ಒಬ್ಬರ ಗೃಹಪ್ರವೇಶಕ್ಕೆ ಹೋಗಿದ್ದೆವು. ಸತ್ಯನಾರಾಯಣ ಕಥೆ ನಡೆಯುತ್ತಿದ್ದಾಗ ಪುರೋಹಿತರು, ಮಂಗಳಾರತಿ ಆಗುವ ತನಕ ಯಾರೂ ಏಳಬಾರದು ಅಂದರು. ಕಾಕಾ ನಡುವೆ ಎದ್ದು ನಿಂತರು. ಎದುರಿಗೆ ಗೋಡೆಗೆ ಒರಗಿ ಕೂತಿದ್ದ ಒಬ್ಬ ಮುದುಕಿಗೆ, ಗುರುತಿಲ್ಲ ಪರಿಚಯವಿಲ್ಲ, "ಏಳಬೇಕನಿಸಿದ್ರ ಏಳ್ರಿ ತಾಯಿ. ಯಾರ ಮಾತೂ ಕೇಳಬ್ಯಾಡ್ರಿ," ಅಂದುಬಿಟ್ಟರು. ಮನೆಯವರಿಗೆ ಮುಜುಗರವಾಯಿತು. ಪುರೋಹಿತರು ದನಿ ಏರಿಸಿ ಕಥೆ ಮುಂದುವರಿಸಿದರು.

ಕಾಕು ಆವತ್ತು ಕಿವಿಯಲ್ಲಿ ಏನು ಹೇಳಿದ್ದರು ಅನ್ನುವುದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ, ಫ್ರೀವೇಯಲ್ಲಿ. ಅವರನ್ನು ರಕ್ತಪರೀಕ್ಷೆಗೆ ಕರೆದೊಯ್ಯುತ್ತಿದ್ದೆ. ಮುಂದೆಲ್ಲೋ ಆಕ್ಸಿಡೆಂಟ್ ಆಗಿ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಫೋನಿನ ಮ್ಯಾಪು, ಇನ್ನು ಎರಡು ನಿಮಿಷ ತಡ ಎಂದಿತು. ಕಾಕಾ ಅದನ್ನೇ ನೋಡುತ್ತ ಮಾತು ಶುರು ಮಾಡಿದರು.

"ಎದಿ ಒತ್ತಿಧಂಗ ಆಗ್ಲಿಕತ್ತದ್ರಿ, ಮ್ಯಾಲ ಹೋಗಿ ಮಲಕೋತೀನಿ ಅಂದ್ಲು ತಂಗಿ. ನಾ ಎರಡ ನಿಮಿಷ ಅಂದೆ."

ಮುಂದಿನ ಕಾರು ಒಂದಡಿ ಸರಿಯಿತು, ನಾನೂ ಸರಿಸಿದೆ.

"ಆ ಆಟದ ಎರಡ ನಿಮಿಷ ಅಂದ್ರ ಎಷ್ಟ ಹೊತ್ತು ಅಂತ ಆಕಿಗೆ ಗೊತ್ತಿರಲಿಲ್ಲ. ನನಗ ಗೊತ್ತಿತ್ತು."

ಸುಳ್ಳು ಹೇಳುವುದಿಲ್ಲ, ನನಗೆ ಮೈಯೆಲ್ಲ ಸಿಟ್ಟು ಬಂತು. ಮಿರ್ಚಿ ಭಜಿ ಕರಿದು ಕರಿದು ನಮಗೆಲ್ಲ ಬಡಿಸಿ, ಕೊನೆಗೆ ಕೂತ ಹೆಂಗಸು. ಇವರಿಗೆ ಒಂದು ಸಲ ತಿರುಗಿ ನೋಡಲಿಕ್ಕೆ ಏನಾಗಿತ್ತು? ಆದರೆ ಪಕ್ಕಕ್ಕೆ ತಿರುಗಿದಾಗ ಸೀಟ್‌ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ ಮುದುಕನನ್ನು ಕಂಡು ಸಿಟ್ಟು ಎಲ್ಲಿ ಹೋಯಿತೋ. "ಮೊದಲೇ ಕರ್ಕೊಂಡು ಬಂದಿದ್ರೂ ಏನೂ ಮಾಡಕ್ಕಾಗ್ತಿರಲಿಲ್ಲ ಅಂತ ಡಾಕ್ಟರೇ ಅಂದ್ರಂತಲ್ಲ ಕಾಕಾ," ಅಂದೆ.

"ಅವರು ಅಂತಾರ. ಅನ್ನೂದು ಅವರ ಕೆಲಸ." ಮ್ಯಾಪಿನಿಂದ ಕಣ್ಣು ಕಿತ್ತು ನನ್ನ ಕಡೆ ತಿರುಗಿದರು. "ಗೆದ್ದಿದ್ರ, ಆಕಿನ್ನ ಕೊಟ್ಟು ಒಂದ ಆಟ ತಗೊಂಡಂಗಾತು. ಸೋತಿದ್ರ, ಆಕಿ ಸುಮ್ಮಸುಮ್ಮನ ಕೂತ್ಲು. ಯಾವುದು ಕೇಳಿದ್ರ ನಾ ಬದುಕತೀನಿ, ನೀನ ಹೇಳು." ಕಾರುಗಳು ಚಲಿಸತೊಡಗಿದವು.

ಕಾಕಾ ಹೋಗುವುದಕ್ಕೆ ಒಂದು ವಾರ ಮುಂಚೆ ವಿನಯ್ ಫೋನ್ ಮಾಡಿದ. ಈಗ ಅವನು ಲಾಸ್ ಗ್ಯಾಟೋಸ್‌ನಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಅಪ್ಪನಿಗೆ ಕ್ಯಾನ್ಸರು ಮೈಯೆಲ್ಲ ಹರಡಿದ ಮೇಲೆ ರಜೆ ಹಾಕಿ ಮನೆಯಲ್ಲೇ ಉಳಿದಿದ್ದ. "ಆಂಟಿ, ಹೀ ವಾಂಟ್ಸ್ ಟು ವಾಚ್ ಇಟ್. ದಟ್ ಗೇಮ್. ನಿಮ್ಮನ್ನ ಕರೀ ಅಂತಿದಾರೆ," ಅಂದ.

ಹೋದಾಗ ಮೂರು ಗಂಟೆಯ ಬಿಸಿಲು ಹಾಲ್ ತುಂಬ ಬಿದ್ದಿತ್ತು. ಆಸ್ಪತ್ರೆಯವರು ಕೊಟ್ಟ ಮಂಚವನ್ನು ಸೋಫಾ ಇದ್ದ ಜಾಗದಲ್ಲಿ ಹಾಕಿದ್ದರು. ವಿನಯ್ ಪಂದ್ಯವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಎರಡು ನಿಮಿಷ ಉಳಿದಲ್ಲಿಗೆ ತಂದು ನಿಲ್ಲಿಸಿ, ರಿಮೋಟನ್ನು ನನ್ನ ಕೈಗೆ ಕೊಟ್ಟ. "ಐ ಕಾಂಟ್, ಆಂಟಿ. ನಾನೂ ಇಲ್ಲೇ ಕೂತಿದ್ದೆ ಅವತ್ತು." ಹಿತ್ತಲಿಗೆ ಹೋಗಿ ಬೆನ್ನು ಹಾಕಿ ನಿಂತುಬಿಟ್ಟ.

ಫಲಿತಾಂಶ ನನಗೆ ಗೊತ್ತಿತ್ತು. ಸೋತಿದ್ದರು. ಒಂದು ಗಜ, ಒಂದೇ ಗಜ ಸಾಲದೆ ಸೋತಿದ್ದರು. ಇದನ್ನು ಈ ಮನುಷ್ಯ ಈಗ ನೋಡಬೇಕಾ? "ಬೇಡ ಕಾಕಾ. ಬೇರೆ ಏನಾದ್ರೂ ನೋಡೋಣ," ಅಂದೆ.

"ಹಾಕು ತಂಗಿ." ದನಿ ಇರಲಿಲ್ಲ, ತುಟಿಯಷ್ಟೇ ಆಡಿತು.

ಹಾಕಿದೆ. ಅವರು ಯಾರನ್ನೂ ಬೈಯಲಿಲ್ಲ. ಆಟ ನಿಂತು ನಿಂತು ಮುಂದೆ ಹೋಯಿತು. ನಡುನಡುವೆ ಕಾಕಾ ಕಣ್ಣು ಟಿವಿ ಬಿಟ್ಟು ಅಡುಗೆಮನೆ ಬಾಗಿಲ ಕಡೆ ಹೋಗುತ್ತಿತ್ತು, ಹಿಂದೆ ಬರುತ್ತಿತ್ತು. ಅಲ್ಲಿದ್ದ ಸ್ಟೂಲನ್ನು ಎಂದೋ ತೆಗೆದುಹಾಕಿದ್ದರು, ನೆಲದ ಮೇಲೆ ಬಿಸಿಲಷ್ಟೇ ಇತ್ತು. ಚೆಂಡು ಗೆರೆಯ ಹತ್ತಿರ ಬಂತು. ಕೊನೆಯ ಯತ್ನಕ್ಕೆ ಎರಡೂ ಕಡೆಯವರು ಬಗ್ಗಿ ನಿಂತರು. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ಕೂಗುತ್ತಿತ್ತು.

"ತಡಿ," ಅಂದರು ಕಾಕಾ.

ನಿಲ್ಲಿಸಿದೆ. ಕೂಗು ನಿಂತು ಮನೆ ಗವ್ವೆಂದಿತು.

ಕಾಕಾ ಬಾಗಿಲ ಕಡೆ ತಿರುಗಿದರು. "ಪ್ರಮೀಳಾ," ಅಂದರು, ಈ ಸಲ ದನಿ ಚೆನ್ನಾಗಿಯೇ ಕೇಳಿಸಿತು. "ಏಳು. ಹೋಗಿ ಮಲಕೋ. ಆಟ ಹೋದ್ರ ಹೋಗ್ಲಿ."

ಆಮೇಲೆ ಅವರ ಕಣ್ಣು ಬಾಗಿಲಿನಿಂದ ಮೆಲ್ಲಗೆ ಸರಿಯಿತು. ಊಟದ ಮೇಜು ದಾಟಿತು, ಮೆಟ್ಟಿಲಿಗೆ ಬಂತು, ಒಂದೊಂದೇ ಮೆಟ್ಟಿಲು ಮೇಲೆ ಹೋಯಿತು. ಅಷ್ಟು ನಿಧಾನವಾಗಿ ಯಾರೂ ಖಾಲಿ ಮೆಟ್ಟಿಲನ್ನು ನೋಡುವುದಿಲ್ಲ. ನನಗೆ ತಲೆ ತಿರುಗಿಸಲು ಭಯವಾಯಿತು. ಆದರೂ ತಿರುಗಿಸಿದೆ.

"ಕೊನೆಗೇನಾಯ್ತು ನೋಡಲ್ವಾ ಕಾಕಾ?" ಅಂದೆ.

ಅವರು ಇನ್ನೂ ಮೇಲಕ್ಕೇ ನೋಡುತ್ತಿದ್ದರು. "ಸಪ್ಪಳ ಮಾಡಬ್ಯಾಡ ತಂಗಿ," ಅಂದರು. "ಆಕಿ ಈಗ ಮಲಗ್ಯಾಳ."